ಬಣ್ಣ ಬಯಲಿಗೆ

ಆಲ್ದೂರಿನ ಬಳಿ ಕಾಫಿ ತೋಟ ಮಾಡಿಕೊಂಡಿರುವ ನನ್ನ ಸೋದರಮಾವನಿಗೆ ಅರವತ್ತು ತುಂಬಿತು. ಷಷ್ಟಿಪೂರ್ತಿಯ ಆಮಂತ್ರಣ ಪತ್ರಿಕೆಗೆ ಒಂದು ಫೋಟೊ ಬೇಕಾಗಿತ್ತು. ‘ಚಿಕ್ಕಮಗಳೂರಿನವರೆಗೆ ಯಾಕೆ ಹೋಗಬೇಕು, ನಮ್ಮ ಹುಡುಗನ ಬಳಿ ಅಷ್ಟು ದೊಡ್ಡ ಕ್ಯಾಮೆರಾ ಇದೆಯಲ್ಲ’ ಎಂದರು ಮಾವ. ಕ್ಯಾಮೆರಾ ದೊಡ್ಡದಿದ್ದರೆ ಅದನ್ನು ಹಿಡಿದವನೂ ದೊಡ್ಡವನೆಂದು ನಂಬುವವರು ನಮ್ಮ ವಂಶದಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ನಾನೂ ಒಬ್ಬ.

ಬೆಳಗ್ಗೆ ಕಾಫಿ ಒಣಗಿಸುವ ಕಣದಲ್ಲಿ ಮಾವನನ್ನು ನಿಲ್ಲಿಸಿ ಕ್ಲಿಕ್ಕಿಸಿದೆ. ಪರದೆಯ ಮೇಲೆ ಮೂಡಿದ್ದು ಸಾಕ್ಷಾತ್ ನೀಲಮೇಘಶ್ಯಾಮ. ಹಿಂದಿನ ರಾತ್ರಿ ದೇವರ ಮನೆಯ ಹಳೆಯ ಬಲ್ಬಿಗೆಂದು ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವ ಬೆಳಕಿನಲ್ಲೂ ಬಿಳಿ ಬಿಳಿಯಾಗಿಯೇ ಕಾಣಲೆಂದು ಕ್ಯಾಮೆರಾ ಮಾಡಿಕೊಳ್ಳುವ ಹೊಂದಾಣಿಕೆಯನ್ನು, 3200 ಕೆಲ್ವಿನ್‌ಗೆ ಇಳಿಸಿದ್ದವನು ಮರಳಿ ಏರಿಸಿರಲಿಲ್ಲ. ಕೆಲ್ವಿನ್ ಬೆಳಕಿನ ಬಣ್ಣದ ಅಳತೆ: ಅಂಕಿ ಇಳಿದಷ್ಟೂ ಬೆಳಕು ಕೆಂಪು, ಏರಿದಷ್ಟೂ ನೀಲಿ. ಹಗಲಿನ ಬಿಸಿಲು ಸುಮಾರು 5500. ಬಲ್ಬಿನ ಕೆಂಪನ್ನು ತೊಡೆಯಲು ಟೊಂಕಕಟ್ಟಿ ನಿಂತಿದ್ದ ಕ್ಯಾಮೆರಾ, ಆ ಕೆಂಪು ಇಲ್ಲದಲ್ಲಿಯೂ ಕರ್ತವ್ಯ ಮುಗಿಸಿತ್ತು. ‘ಒಂದು ಕೊಳಲು ಕೊಟ್ಟುಬಿಡು’ ಎಂದರು ಅತ್ತೆ.

ಅಷ್ಟರಲ್ಲಿ ಬಿಸಿಲೇರಿ ಮಾವನ ಕಣ್ಣು ಕಿರಿದಾದವು. ತೋಟದೊಳಗೆ ಹೋದೆವು. ಸಿಲ್ವರ್ ಓಕ್ ಮರ, ಅದನ್ನು ತಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಅರೇಬಿಕಾ ಗಿಡಗಳು. ನನ್ನ ಕಣ್ಣಿಗೆ ಮಾವ ಎಂದಿನ ಎಣ್ಣೆಗೆಂಪು ಮಾವನೇ. ಮಿದುಳು ಹೀಗೆ ಯಾರನ್ನೂ ಕೇಳದೆ ಲೆಕ್ಕ ಸರಿಮಾಡಿಬಿಡುತ್ತದೆ. ಕ್ಯಾಮೆರಾಗೆ ಆ ದಾಕ್ಷಿಣ್ಯವಿಲ್ಲ. ಎಲೆಗಳನ್ನು ಹಾದು, ಎಲೆಗಳಿಂದ ಪುಟಿದು ಬಂದ ಬೆಳಕು ಮಾವನನ್ನು ಬಾಳೆಕಾಯಿ ಮಾಡಿತ್ತು. ಕೆಲ್ವಿನ್ ಏರಿಸಿದೆ, ಬಾಳೆಕಾಯಿ ಹಣ್ಣಾಗತೊಡಗಿತು. ಇಳಿಸಿದೆ, ನವಿಲಾಯಿತು. ಕೆಲ್ವಿನ್ ಎನ್ನುವುದು ನೀಲಿ-ಹಳದಿಗಳ ಹಗ್ಗಜಗ್ಗಾಟವನ್ನಷ್ಟೇ ನೋಡಿಕೊಳ್ಳುತ್ತದೆ. ಹಸಿರಿಗೆ ಎದುರಾಳಿ ಮೆಜೆಂಟಾ ಎಂಬ ನೇರಳೆಗೆಂಪು, ಅದರ ಗುಂಡಿಯೇ ಬೇರೆ. ಇದು ನೆನಪಾದದ್ದು ಮರುದಿನ. ‘ನನಗೇನಾದರೂ ಕಾಯಿಲೆಯೇ?’ ಎಂದು ಮಾವ ಮೆಲ್ಲಗೆ ಕೇಳಿದರು.

ಅದೇ ನೆರಳಿನಲ್ಲಿ ಬಿಳಿ ವಸ್ತುವೊಂದನ್ನು ಹಿಡಿದು ‘ಇದೇ ಬಿಳಿ’ ಎಂದು ಕ್ಯಾಮೆರಾಗೆ ಕಲಿಸಬಹುದು ಎಂಬುದಂತೂ ಗೊತ್ತಿತ್ತು. ಬಿಳಿ ಎಂದೊಡನೆ ಅತ್ತೆ ತಂತಿಯ ಮೇಲಿನ ಪಂಚೆಯನ್ನು ಸೆಳೆದು ತಂದರು. ಅವರು ಒಗೆದ ಪಂಚೆಗಿಂತ ಬಿಳಿಯದು ಸುತ್ತಲ ನಾಲ್ಕು ತೋಟಗಳಲ್ಲಿ ಇಲ್ಲ, ಅದನ್ನು ಅವರೇ ಹೇಳಿದ್ದಾರೆ. ಪಂಚೆ ಹಿಡಿದೆ, ಕಲಿಸಿದೆ, ಕ್ಲಿಕ್ಕಿಸಿದೆ. ಹಸಿರು ಹೋಯಿತು, ನಿಜ. ಆದರೆ ಮಾವನಿಗೆ ಕಾಮಾಲೆ ಬಂತು.

ಮೂರು ಸಲ ಕಲಿಸಿದರೂ ಕಾಮಾಲೆಯೇ. ಕೊನೆಗೆ ಪಂಚೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಾಗ ಗುಟ್ಟು ತಿಳಿಯಿತು: ನೀಲಿ! ಬಟ್ಟೆಯ ಹಳದಿ ಮರೆಯಾಗಲಿ ಎಂದು ಒಗೆದ ಮೇಲೆ ನೀಲಿ ಹಾಕುವುದು ಲೋಕಾರೂಢಿ. ನಮ್ಮ ಅತ್ತೆಯದು ಧಾರಾಳ ಕೈ. ಆ ತಿಳಿನೀಲಿಯನ್ನೇ ಬಿಳಿಯೆಂದು ನಂಬಿದ ಕ್ಯಾಮೆರಾ, ಇಡೀ ತೋಟದಿಂದ ಅಷ್ಟು ನೀಲಿಯನ್ನು ಕಳೆದು ಎಲ್ಲರ ಮೇಲೆ ಹಳದಿ ಎರಚಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಲೆನ್ಸಿಗೂ ಅನ್ವಯಿಸುತ್ತದೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ.

ಚೀಲದ ತಳದಲ್ಲಿ, ಚಕ್ಕುಲಿ ಪೊಟ್ಟಣದ ಕೆಳಗೆ, ಬೂದು ಕಾರ್ಡ್ ಸಿಕ್ಕಿತು. ಬಿದ್ದ ಬೆಳಕಿನ ಶೇ 18ರಷ್ಟನ್ನು ಯಾವ ಬಣ್ಣದ ಕಡೆಗೂ ವಾಲದೆ ಹಿಂದಿರುಗಿಸುವ ರಟ್ಟು ಅದು. ಬೆಲೆ ಕಡಿಮೆ, ಸ್ವಭಾವ ಸಂಭಾವಿತರದು. ಅದನ್ನು ತೋರಿಸಿ ಕಲಿಸಿದೆ. ಮಾವ ಮಾವನಂತೆಯೇ ಬಂದರು. ಎಲೆ ಎಲೆಯಂತೆ, ಪಂಚೆ ಪಂಚೆಯಂತೆ.

ರಾತ್ರಿ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ತೋರಿಸಿದೆ. ಅತ್ತೆ ಆ ಕೊನೆಯ ಫೋಟೊದ ಮುಂದೆ ಬಹಳ ಹೊತ್ತು ಮೌನವಾಗಿದ್ದರು.

‘ಪಂಚೆ ನೀಲಿಯಾಗಿದೆ.’

‘ಅದು ಇರುವುದೇ ಹಾಗೆ ಅತ್ತೆ.’

‘ಊರಿಗೆಲ್ಲ ತೋರಿಸಬೇಕೇನು?’ ಎಂದವರೇ ಕಾಮಾಲೆಯ ಫೋಟೊಗೆ ಹಿಂದಿರುಗಿದರು. ಅದರಲ್ಲಿ ಪಂಚೆ ಮಾತ್ರ ಹಾಲಿನಂತೆ ಬೆಳ್ಳಗಿತ್ತು. ‘ಇದನ್ನೇ ಹಾಕಿಸು. ಮುಖ ಅರಿಶಿನ ಹಚ್ಚಿದಂತಿದೆ. ಶುಭಕಾರ್ಯ ತಾನೆ?’

ಪತ್ರಿಕೆ ಅಚ್ಚಾಗಿ ಬಂದಿದೆ. ಮಾವನ ಆರೋಗ್ಯ ವಿಚಾರಿಸಿ ಈವರೆಗೆ ಏಳು ಫೋನ್ ಬಂದಿವೆ.