ಮೂರೂ ಒಂದೇ ಅನ್ನಬೇಡಿ

ರಿಗಾದ ಹಾಸ್ಟೆಲ್ ಅಡುಗೆಮನೆಯಲ್ಲಿ ಇವತ್ತು ಬೆಳಿಗ್ಗೆ ಕೇಳಿದ ಮಾತಿಗೆ ಇನ್ನೂ ಸಿಟ್ಟು ಇಳಿದಿಲ್ಲ. ನಮ್ಮ ಕಡೆಯ ಹುಡುಗರೇ. "ಟಾಲಿನ್ ಆಯ್ತು, ರಿಗಾ ಆಯ್ತು, ನಾಳೆ ವಿಲ್ನಿಯಸ್ ಮುಗಿಸಿದ್ರೆ ಬಾಲ್ಟಿಕ್ ಮುಗೀತು. ಮೂರೂ ಒಂದೇ ಮಗಾ, ಒಂದೊಂದು ದಿನಾನೇ ಜಾಸ್ತಿ." ಟಾಲಿನ್ ಎಸ್ಟೋನಿಯಾದ ರಾಜಧಾನಿ, ರಿಗಾ ಲಾಟ್ವಿಯಾದ್ದು, ವಿಲ್ನಿಯಸ್ ಲಿಥುವೇನಿಯಾದ್ದು; ಬಾಲ್ಟಿಕ್ ಅಂದರೆ ಈ ಮೂರು ದೇಶ. ಬಸ್ಸಿಗೆ ಓಡುತ್ತಿದ್ದವರನ್ನು ನಿಲ್ಲಿಸಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಭಾಷೆ, ಹಾಡು ಅಂತ ಬಂದರೆ ನಾನು ಸುಮ್ನೆ ಇರುವವನಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ.

ಮೂರೂ ಹೇಗೆ ಒಂದು? ಎಸ್ಟೋನಿಯಾದವರ ಭಾಷೆ ಫಿನ್ನಿಶ್‌ನ ಬಳಗ. ಲಾಟ್ವಿಯನ್ ಭಾಷೆಗೂ ಅದಕ್ಕೂ ಸಂಬಂಧವೇ ಇಲ್ಲ. ಲಾಟ್ವಿಯನ್, ಲಿಥುವೇನಿಯನ್ ಒಂದೇ ಕುಲದವು ನಿಜ. ಆದರೂ ಒಬ್ಬರ ಮಾತು ಕಲಿಯದೆ ಇನ್ನೊಬ್ಬರಿಗೆ ಅರ್ಥ ಆಗುವುದಿಲ್ಲ. ಟಾಲಿನ್, ರಿಗಾ ಶತಮಾನಗಟ್ಟಲೆ ಜರ್ಮನ್ ವ್ಯಾಪಾರಿಗಳ ಕೈಯಲ್ಲಿದ್ದ ಊರುಗಳು. ಲಿಥುವೇನಿಯಾದ ಕಥೆ ಬೇರೆ. 1387ರವರೆಗೂ ಹಳೆಯ ದೇವರುಗಳನ್ನು ಬಿಡದೆ ಇದ್ದ ರಾಜ್ಯ ಅದು. ಒಂದು ಕಾಲಕ್ಕೆ ಕಪ್ಪು ಸಮುದ್ರದವರೆಗೂ ಅದರ ಆಳ್ವಿಕೆ ಇತ್ತು.

ಲಿಥುವೇನಿಯಾದ ಕೌನಸ್ ಊರಿಗೆ ಹೋಗಿ ನೋಡಬೇಕು. ಅಲ್ಲಿ ಯುದ್ಧ ಮ್ಯೂಸಿಯಂನ ತೋಟದಲ್ಲಿ ಪುಸ್ತಕ ಹೊತ್ತವನೊಬ್ಬನ ಪ್ರತಿಮೆ ಇದೆ. ರಾಜನಲ್ಲ, ಸೇನಾಪತಿಯಲ್ಲ. ಆಗ ಲಿಥುವೇನಿಯಾವನ್ನು ಆಳುತ್ತಿದ್ದ ರಷ್ಯಾದ ಚಕ್ರಾಧಿಪತ್ಯ, ತನ್ನ ವಿರುದ್ಧ ಎದ್ದ 1863ರ ದಂಗೆಯನ್ನು ತುಳಿದ ಮೇಲೆ, ಲಿಥುವೇನಿಯನ್ ಭಾಷೆಯನ್ನು ಅದರ ಲ್ಯಾಟಿನ್ ಅಕ್ಷರದಲ್ಲಿ ಅಚ್ಚು ಮಾಡಬಾರದು ಅಂತ ನಿಷೇಧ ಹಾಕಿತು. ರಷ್ಯನ್ ಲಿಪಿಯಲ್ಲೇ ಓದಿ ಅಂದಿತು. ಜನ ಓದಲಿಲ್ಲ. ಗಡಿಯಾಚೆ ಜರ್ಮನ್ನರ ಪ್ರಷ್ಯಾದಲ್ಲಿ ಪುಸ್ತಕ ಅಚ್ಚಾಗುತ್ತಿತ್ತು. ರೈತರು ಅದನ್ನು ರಾತ್ರಿ ಹೊತ್ತು ತರುತ್ತಿದ್ದರು. ಸಿಕ್ಕಿಬಿದ್ದರೆ ಸೈಬೀರಿಯಾ, ಇಲ್ಲವೇ ಗಡಿ ಕಾವಲಿನವರ ಗುಂಡು. ತಾಯಂದಿರು ಮನೆಯಲ್ಲೇ ಕದ್ದುಮುಚ್ಚಿ ಮಕ್ಕಳಿಗೆ ಅಕ್ಷರ ಕಲಿಸಿದರು. ಹೀಗೆ 40 ವರ್ಷ, 1904ರವರೆಗೆ! ಪ್ರಾರ್ಥನೆ ಪುಸ್ತಕ, ಪಂಚಾಂಗ, ಮಕ್ಕಳ ಕಾಗುಣಿತ ಇವಕ್ಕಾಗಿ ಜೀವ ಪಣಕ್ಕಿಟ್ಟ ಜನ ಇವರು. ಆ ಪ್ರತಿಮೆ ಎದುರು ನನಗೆ ಗಂಟಲು ಕಟ್ಟಿತು. ಹೇಳಿಕೊಳ್ಳೋಕೆ ನಾಚಿಕೆಯೇನಿಲ್ಲ.

ರಿಗಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು ಮರದ ಬೀರು ಇದೆ. ಕ್ರಿಶ್ಯಾನಿಸ್ ಬರೋನ್ಸ್ ಎಂಬವರು 19ನೇ ಶತಮಾನದ ಕೊನೆಯಲ್ಲಿ ಲಾಟ್ವಿಯಾದ ಜನಪದ ಹಾಡುಗಳನ್ನು ಚಿಕ್ಕ ಚೀಟಿಗಳಲ್ಲಿ ಬರೆದು ಇದರ ಡ್ರಾಯರ್‌ಗಳಲ್ಲಿ ವಿಂಗಡಿಸಿಟ್ಟರು. ಎರಡು ಲಕ್ಷಕ್ಕೂ ಹೆಚ್ಚು ಹಾಡು. ಹೆಚ್ಚಿನವು ನಾಲ್ಕೇ ಸಾಲಿನವು. ನಮ್ಮ ಬೀಸುವ ಕಲ್ಲಿನ ಪದಗಳ ಹಾಗೆ ಹೆಂಗಸರೇ ಕಟ್ಟಿ, ಹೆಂಗಸರೇ ಉಳಿಸಿದ್ದು ಜಾಸ್ತಿ. ಇದು ನಮ್ಮ ಹಾಸ್ಟೆಲ್‌ನಿಂದ ನದಿ ದಾಟಿದರೆ ಸಿಗುತ್ತದೆ. ಆ ಹುಡುಗರು ಹಳೇ ಪೇಟೆಯ ಚೌಕದಲ್ಲಿ ಫೋಟೋ ತೆಗೆದು ಹೊರಟರು.

"ಅವರೇ ಕೈ ಕೈ ಹಿಡಿದು ನಿಂತಿದ್ದರಲ್ಲ, ಮೂರು ದೇಶದವರೂ?" ಅಂತ ಯಾರಾದರೂ ಕೇಳಬಹುದು. ಹೌದು, ನಿಂತಿದ್ದರು. 1989ರ ಆಗಸ್ಟ್ 23ರಂದು, ಟಾಲಿನ್‌ನಿಂದ ರಿಗಾ ದಾಟಿ ವಿಲ್ನಿಯಸ್‌ವರೆಗೆ, ಸುಮಾರು 20 ಲಕ್ಷ ಜನ. ಹಿಟ್ಲರ್ ಮತ್ತು ಸ್ಟಾಲಿನ್ ಕಡೆಯವರು ಇವರನ್ನೆಲ್ಲ ಗುಟ್ಟಾಗಿ ಹಂಚಿಕೊಂಡ ಒಪ್ಪಂದಕ್ಕೆ ಅವತ್ತಿಗೆ 50 ವರ್ಷ. ಆದರೆ ಕೈ ಹಿಡಿದದ್ದು ಯಾತಕ್ಕೆ? ಪ್ರತಿಯೊಬ್ಬರಿಗೂ ತಮ್ಮದೇ ದೇಶ, ತಮ್ಮದೇ ಬಾವುಟ ವಾಪಸ್ ಬೇಕಿತ್ತು. ಮೂರನ್ನೂ ಒಂದೇ ಮುದ್ದೆ ಮಾಡಿ ನೋಡಿದ್ದು ಆಗ ಇವರನ್ನು ಆಳುತ್ತಿದ್ದ ಸೋವಿಯತ್ ಮಾಸ್ಕೋ. ನಾವೂ ಹಾಗೇ ನೋಡಬೇಕಾ?

ರಜೆ ಇಲ್ಲ, ವೀಸಾ ಖರ್ಚು ಜಾಸ್ತಿ ಅನ್ನುವ ಮಾತೂ ಗೊತ್ತು. ಹಾಗಿದ್ದರೆ ಒಂದೇ ದೇಶ ನೋಡಿ. ಮೂರು ದಿನವೂ ಲಿಥುವೇನಿಯಾದಲ್ಲೇ ಕಳೆಯಿರಿ. ವಿಲ್ನಿಯಸ್‌ನಲ್ಲಿ ಹಳೇ ಕೆಜಿಬಿ (ಸೋವಿಯತ್ ಗುಪ್ತ ಪೊಲೀಸರು) ಕಟ್ಟಡದ ಗೋಡೆಯ ಕಲ್ಲುಗಳ ಮೇಲೆ ಸತ್ತವರ ಹೆಸರು ಕೆತ್ತಿದ್ದಾರೆ, ನಿಂತು ಓದಿ. ಒಳಗೆ ನೆಲಮಾಳಿಗೆಯ ಸೆಲ್‌ಗಳಿವೆ. ಆಮೇಲೆ ಊರಾಚೆಯ ಪನೇರಿಯಾಯ್ ಕಾಡಿಗೂ ಹೋಗಿ. 1941ರಿಂದ 1944ರವರೆಗೆ ನಾಜಿಗಳು, ಅವರ ಜೊತೆ ಸೇರಿದ ಲಿಥುವೇನಿಯನ್ನರು, ಅಲ್ಲಿ ಸುಮಾರು 70,000 ಯಹೂದಿಗಳನ್ನು ಕೊಂದರು. ಪೋಲಿಷ್ ಜನರನ್ನೂ ಸೋವಿಯತ್ ಕೈದಿಗಳನ್ನೂ ಬಿಡಲಿಲ್ಲ. ಪುಸ್ತಕ ಹೊತ್ತವರ ನಾಡಿನಲ್ಲೇ ಇದೂ ನಡೆದಿದೆ. ಎರಡನ್ನೂ ನೋಡದೆ ಲಿಥುವೇನಿಯಾ ಮುಗೀತು ಅನ್ನುವುದು ನನಗೆ ಒಪ್ಪಿಗೆಯಾಗದ ಮಾತು.

ನಾನು ಟಾಲಿನ್ ಬಸ್ಸನ್ನು ಮುಂದಕ್ಕೆ ಹಾಕಿದ್ದೇನೆ. 1988ರ ಸೆಪ್ಟೆಂಬರ್‌ನಲ್ಲಿ ಸ್ವಾತಂತ್ರ್ಯಕ್ಕಾಗಿ ಲಕ್ಷಗಟ್ಟಲೆ ಜನ ಸೇರಿ ಹಾಡಿದ ಅಲ್ಲಿನ ಮೈದಾನವನ್ನು ನೋಡುವ ಆಸೆ ಬಹಳ ಇದೆ. ಆದರೆ ರಿಗಾದಲ್ಲಿ ರುಂಬುಲಾ ಇನ್ನೂ ನೋಡಿಲ್ಲ. 1941ರ ಚಳಿಗಾಲದಲ್ಲಿ ಎರಡೇ ದಿನದಲ್ಲಿ ಸುಮಾರು 25,000 ಯಹೂದಿಗಳನ್ನು ಕೊಂದ ಜಾಗ ಅದು. ನಾಳೆ ಅಲ್ಲಿಗೆ. ಈ ಕಡೆ ಬರುವ ಯೋಚನೆ ಇರುವವರು ಇನ್‌ಬಾಕ್ಸ್‌ಗೆ ಬನ್ನಿ, ಎಷ್ಟು ಹೊತ್ತಾದರೂ ಕೂತು ದಾರಿ ಹೇಳುತ್ತೇನೆ. ಮೂರು ದಿನಕ್ಕೆ ಮೂರು ದೇಶದ ಪ್ಲಾನ್ ಮಾತ್ರ ನನ್ನ ಹತ್ತಿರ ಕೇಳಬೇಡಿ.