ಕಟಿಂಗ್ ನಿಂತ ತಿಂಗಳು

ಮೊನ್ನೆ ಕಾಪುವಿನಲ್ಲಿ ಅಕ್ಕನ ಮನೆಯ ಅಟ್ಟ ಗುಡಿಸುವಾಗ ಭಾವನ ಕರಿ ಟ್ರಂಕು ಮತ್ತೆ ಕೆಳಗೆ ಬಂತು. ಮಿಲಿಟ್ರಿಯಲ್ಲಿದ್ದವರ ಮನೆಯಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ‍್ಯಾಂಕು, ಹೆಸರು. ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸಮುದ್ರ ಇಷ್ಟು ಹತ್ತಿರ ಇದ್ದರೆ ಕಬ್ಬಿಣ ಎಷ್ಟು ದಿನ ಬಾಳುತ್ತದೆ ಹೇಳಿ. ತೆಂಗಿನೆಣ್ಣೆ ಬಿಟ್ಟು, ಸುತ್ತಿಗೆಯಿಂದ ಎರಡು ಬಡಿದು ತೆಗೆದೆ.

ಇದೇ ಟ್ರಂಕನ್ನು ನಾನು 2015ರಲ್ಲೂ ತೆಗೆದಿದ್ದೆ. ಭಾವನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮರುದಿನ.

ಭಾವ ಪೆನ್ಶನ್ ಬಂದದ್ದು 2011ರಲ್ಲಿ. ತೀರಿಹೋದಾಗ 46 ವರ್ಷ. ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೋದವರು ಪಂಪ್‌ಶೆಡ್ಡಿನ ಹತ್ತಿರ ಕೂತರು, ಮತ್ತೆ ಏಳಲಿಲ್ಲ. ನಾನಾಗ ಇನ್ನೂ ಸರ್ವಿಸ್‌ನಲ್ಲಿದ್ದೆ, ಹವಾಲ್ದಾರ್, 19 ವರ್ಷ ಆಗಿತ್ತು. ರಜೆ ಹಾಕಿ ಬಂದಿದ್ದೆ. ಅಕ್ಕ ಟ್ರಂಕಿನ ಮುಂದೆ ಕೂತು ಒಂದೊಂದೇ ಕಾಗದ ನನ್ನ ಕೈಗೆ ಕೊಡುತ್ತಾ ಹೋದಳು.

"ತಮ್ಮಾ, ಇನ್ಶೂರೆನ್ಸ್ ಉಂಟು, ಹೆದರಬೇಡ ಅಂತ ಇವರು ಯಾವಾಗಲೂ ಹೇಳ್ತಿದ್ದರು. ಯಾವುದು ಅದು? ನೀನೂ ಮಿಲಿಟ್ರಿಯೇ ಅಲ್ವಾ, ನಿನಗೆ ಗೊತ್ತಿರಬೇಕು."

ನನಗೆ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. 19 ವರ್ಷ ತಿಂಗಳು ತಿಂಗಳು ನನ್ನ ಪೇ ಸ್ಲಿಪ್ಪಿನಲ್ಲಿ 'ಎಜಿಐ' ಅಂತ ಕಟಿಂಗ್ ಹೋಗುತ್ತಿತ್ತು. ಅದು ಆರ್ಮಿ ಗ್ರೂಪ್ ಇನ್ಶೂರೆನ್ಸ್ ಅಂತ ಗೊತ್ತು, ಅಷ್ಟೇ. ಅದು ಯಾವತ್ತು ನಿಲ್ಲುತ್ತದೆ, ನಿಂತ ಮೇಲೆ ಏನು ಉಳಿಯುತ್ತದೆ, ನಾನೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ನಮ್ಮ ಕರಾವಳಿಯ ಕಷ್ಟವೂ ಇದೇ. ಕೊಡಗಿನಲ್ಲಾದರೆ ಪಕ್ಕದ ಮನೆಯಲ್ಲೊಬ್ಬ ಸುಬೇದಾರ್ ಇರುತ್ತಾರೆ, ಕೇಳಬಹುದು. ನಮ್ಮಲ್ಲಿ ಒಬ್ಬ ಮುಂಬೈ ಹೋಟೆಲಿಗೆ, ಒಬ್ಬ ಗಲ್ಫಿಗೆ, ಓದಿದವನು ಬ್ಯಾಂಕಿಗೆ. ಮಿಲಿಟ್ರಿಗೆ ಹೋದವನು ಎರಡು ಊರಿಗೊಬ್ಬ. ಇನ್ಶೂರೆನ್ಸ್ ಏಜೆಂಟರು ಮಾತ್ರ ಮನೆಗೊಬ್ಬರು! ಆದರೆ ಅವರಿಗೆ ಅವರ ಪಾಲಿಸಿ ಗೊತ್ತು, ನಮ್ಮದು ಗೊತ್ತಿಲ್ಲ.

ಸರಿ, ಟ್ರಂಕಿನಲ್ಲಿ ಏನಿತ್ತು ಹೇಳುತ್ತೇನೆ.

ಮೊದಲನೆಯದು ಪೋಸ್ಟಲ್ ಲೈಫ್ ಇನ್ಶೂರೆನ್ಸ್, ನಾವು ಪಿಎಲ್‌ಐ ಅನ್ನುವುದು. 1884ರಲ್ಲಿ ಅಂಚೆ ನೌಕರರಿಗಾಗಿ ಶುರುವಾದದ್ದು, ಆಮೇಲೆ ಸರ್ಕಾರಿ ನೌಕರರಿಗೆ, ಸೈನಿಕರಿಗೆಲ್ಲ ಸಿಕ್ಕಿತು. ಒಳ್ಳೆಯ ಪಾಲಿಸಿ, ನಾನೇನೂ ದೂರುವುದಿಲ್ಲ. ಭಾವ ಸರ್ವಿಸ್‌ನಲ್ಲಿದ್ದಾಗ ಮಾಡಿಸಿದ್ದರು, ಪ್ರೀಮಿಯಂ ಸಂಬಳದಿಂದಲೇ ಹೋಗುತ್ತಿತ್ತು. ಸಂಬಳ ನಿಂತ ತಿಂಗಳು ಅದೂ ನಿಂತಿತು. ಆಮೇಲೆ ಊರಿನ ಪೋಸ್ಟಾಫೀಸಿಗೆ ಹೋಗಿ ಕೈಯಿಂದ ಕಟ್ಟಬೇಕಿತ್ತು. ಪಾಲಿಸಿಯನ್ನು ಊರಿನ ಅಂಚೆ ಕಚೇರಿಗೆ ವರ್ಗ ಮಾಡಿಸಿಕೊಳ್ಳಬಹುದು, ನೌಕರಿ ಬಿಟ್ಟರೂ ಮುಂದುವರಿಸಬಹುದು. ಭಾವನಿಗೆ ಅದು ಹೊಳೆಯಲೇ ಇಲ್ಲ. ಅವರ ಲೆಕ್ಕದಲ್ಲಿ ಇನ್ಶೂರೆನ್ಸ್ ಅಂದರೆ ತಾನಾಗಿಯೇ ಕಟ್ಟಿಕೊಂಡು ಹೋಗುವಂಥದ್ದು. ಮೂರು ವರ್ಷ ದಾಟಿದ ಪಿಎಲ್‌ಐ ಪಾಲಿಸಿ ಸತತ 12 ತಿಂಗಳು ಕಟ್ಟದಿದ್ದರೆ ಲ್ಯಾಪ್ಸ್, ಅಂದರೆ ಸ್ಥಗಿತ, ಆಗುತ್ತದೆ. ಮೂರು ವರ್ಷ ಆಗದಿದ್ದರೆ ಆರೇ ತಿಂಗಳು. ಭಾವನದು 2012ರಲ್ಲೇ ಲ್ಯಾಪ್ಸ್ ಆಗಿತ್ತು. ಅಕ್ಕನಿಗೆ ಸಿಕ್ಕಿದ್ದು ಅವರು ಕಟ್ಟಿದ್ದಕ್ಕೆ ತಕ್ಕ ಅಲ್ಪ ಮೊತ್ತ. ಪೂರ್ತಿ ಹಣವಲ್ಲ.

ಅದು ಸಿಗುವುದಕ್ಕೂ ಆರೇಳು ತಿಂಗಳು ಓಡಾಟ. ಯಾಕೆಂದರೆ ನಾಮಿನಿ ಜಾಗದಲ್ಲಿ ಇದ್ದದ್ದು ಭಾವನ ಅಮ್ಮನ ಹೆಸರು. ಮದುವೆಗೆ ಮೊದಲು ಮಾಡಿಸಿದ ಪಾಲಿಸಿ. ಅಮ್ಮ ತೀರಿಕೊಂಡೇ ಎಂಟು ವರ್ಷವಾಗಿತ್ತು. ನಮ್ಮ ಕಡೆ ಇದು ಬಹಳ ಜನರಿಗೆ ಆಗುವುದು. ತಾಯಿಯ ಕಡೆಯಿಂದ ವಂಶ, ಆಸ್ತಿ ನಡೆಯುವ ಅಳಿಯಕಟ್ಟಿನ ಮನೆಗಳು ನೋಡಿ, ಹತ್ತೊಂಬತ್ತು ವರ್ಷದ ಹುಡುಗ ಅಮ್ಮನ ಹೆಸರು ಬಿಟ್ಟು ಬೇರೆ ಯಾರದು ಬರೆಸುತ್ತಾನೆ? ಬರೆಸಿದ್ದು ತಪ್ಪಲ್ಲ. ಮದುವೆಯಾದ ಮೇಲೆ ಒಮ್ಮೆ ತೆಗೆದು ನೋಡಬೇಕಿತ್ತು.

ಎರಡನೆಯದು ಒಂದು ಸರ್ಟಿಫಿಕೇಟ್. ಅಕ್ಕ ಅದನ್ನು ಭಾವನ ಕೋರ್ಸ್ ಸರ್ಟಿಫಿಕೇಟುಗಳ ಜೊತೆ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿದ್ದಳು, ಫೈರಿಂಗ್‌ನಲ್ಲಿ ಬಂದ ಪ್ರಶಸ್ತಿ ಪತ್ರದ ಹಿಂದೆ. ನಾನೂ ಆವತ್ತು ಮೇಲಿಂದ ಮೇಲೆ ನೋಡಿ ಬದಿಗಿಟ್ಟೆ. ಮುಂದಿನ ವರ್ಷ ರಜೆಗೆ ಬಂದಾಗ ಮಂಗಳೂರಿನಲ್ಲಿ, ಕದ್ರಿಯ ಯುದ್ಧ ಸ್ಮಾರಕದ ಹತ್ತಿರ, ಒಬ್ಬ ಹಿರಿಯ ನಿವೃತ್ತ ಸುಬೇದಾರ್ ಸಿಕ್ಕಿದರು. ಮಾತಿಗೆ ಮಾತು ಬಂದು "ಇಐ ಕ್ಲೇಮ್ ಹಾಕಿದಿರಾ?" ಅಂತ ಕೇಳಿದರು. ಎಕ್ಸ್‌ಟೆಂಡೆಡ್ ಇನ್ಶೂರೆನ್ಸ್. ಪೆನ್ಶನ್ ಬರುವಾಗ ಎಜಿಐ ಮೆಚ್ಯೂರಿಟಿ ಹಣ, ಅಂದರೆ ಕಟಿಂಗ್‌ನಲ್ಲಿ ಉಳಿತಾಯಕ್ಕೆ ಹೋದ ಪಾಲು, ಕೊಡುತ್ತಾರಲ್ಲ, ಅದರಿಂದಲೇ ಒಂದು ಸಲದ ಪ್ರೀಮಿಯಂ ಹಿಡಿದುಕೊಂಡು ನಿವೃತ್ತಿಯ ನಂತರಕ್ಕೂ ಸಣ್ಣದೊಂದು ವಿಮೆ ಕೊಡುತ್ತಾರೆ. ಹೆಚ್ಚೆಂದರೆ 75 ವರ್ಷ ವಯಸ್ಸಿನವರೆಗೆ. ಬದುಕಿದ್ದರೆ ವಾಪಸ್ ಏನೂ ಬರುವುದಿಲ್ಲ, ಸತ್ತರೆ ಮನೆಯವರಿಗೆ. ಅವರು ಕೇಳದಿದ್ದರೆ ಆ ಕಾಗದ ಇವತ್ತಿಗೂ ಫೈರಿಂಗ್ ಪ್ರಶಸ್ತಿಯ ಹಿಂದೆಯೇ ಇರುತ್ತಿತ್ತು. ಕ್ಲೇಮ್ ಹಾಕಿದೆವು, ಹಣ ಬಂತು. ಆದರೆ ಸರ್ವಿಸ್‌ನಲ್ಲಿದ್ದಾಗಿನ ಮೊತ್ತದ ಮುಂದೆ ಅದು ಕಾಲು ಭಾಗವೂ ಅಲ್ಲ.

ನನ್ನ ವಾದ ಇರುವುದು ಇಲ್ಲಿ. ಎಜಿಐ ಶುರುವಾದದ್ದು 1976ರ ಜನವರಿ 1ಕ್ಕೆ. ನೌಕಾಪಡೆಗೆ, ವಾಯುಪಡೆಗೆ ಅವರವರದೇ ಬೇರೆ ಇದೆ. ಸರ್ವಿಸ್‌ನಲ್ಲಿ ಇರುವಷ್ಟು ದಿನ ಇದಕ್ಕಿಂತ ಸಲೀಸಾದ ವ್ಯವಸ್ಥೆ ಇಲ್ಲ. ಫಾರ್ಮ್ ತುಂಬುವುದಿಲ್ಲ, ಏಜೆಂಟನ ಹಿಂದೆ ಹೋಗುವುದಿಲ್ಲ, ತಾರೀಕು ನೆನಪಿಡುವುದಿಲ್ಲ. ಅದೇ ನಮ್ಮನ್ನು ಕೆಡಿಸಿದ್ದು. ಇಪ್ಪತ್ತು ವರ್ಷ ಇನ್ಶೂರೆನ್ಸ್ ಇದ್ದೂ ನಾವು ಇನ್ಶೂರೆನ್ಸ್ ಕಲಿಯುವುದಿಲ್ಲ. ಕೊನೆಗೆ ಹೊರಡುವ ದಿನ ಮೆಚ್ಯೂರಿಟಿ ಅಂತ ಒಂದು ಗಂಟು ಕೈಗೆ ಬರುತ್ತದೆ. "ಇನ್ಶೂರೆನ್ಸ್ ಹಣ ಬಂತು" ಅಂತ ಮನೆಗೆ ಫೋನ್ ಮಾಡುತ್ತೇವೆ. ಹಣ ಬಂತು ಅಂದರೆ ಇನ್ಶೂರೆನ್ಸ್ ಹೋಯಿತು ಅಂತ ಅರ್ಥ. ಇದು ಎಷ್ಟು ಜನರಿಗೆ ತಲೆಗೆ ಹೋಗಿದೆ?

ಭಾವನ ಗಂಟು ಮನೆಯ ಗೋಡೆಗೆ ಹೋಯಿತು. ಕೆಂಪುಕಲ್ಲಿನ ಮನೆ, ಮೇಲೆ ತಾರಸಿ. ಸಾಲದ್ದಕ್ಕೆ ಬ್ಯಾಂಕಿನ ಸಾಲ. ನಾನು ತಪ್ಪು ಅನ್ನುವುದಿಲ್ಲ, ಇಪ್ಪತ್ತು ವರ್ಷ ಟೆಂಟಿನಲ್ಲಿ, ಬ್ಯಾರಕ್ಕಿನಲ್ಲಿ ಮಲಗಿದವನಿಗೆ ಸ್ವಂತ ಸೂರು ಬೇಕು ಅನ್ನಿಸುವುದು ಸಹಜ. ಆದರೆ ಸಾಲ ಹೆಗಲ ಮೇಲೆ ಏರಿದ್ದು, ದೊಡ್ಡ ಇನ್ಶೂರೆನ್ಸ್ ಇಳಿದದ್ದು, ಎರಡೂ ಒಂದೇ ವರ್ಷ.

"ಪೆನ್ಶನ್ ಉಂಟಲ್ಲ ಮಾರಾಯ, ಅದೇ ಇನ್ಶೂರೆನ್ಸ್" ಅನ್ನುವವರು ಬಹಳ. ಅವರಿಗೆ ಅಕ್ಕನ 2022ರ ಕತೆ ಹೇಳುತ್ತೇನೆ. ಒಂದು ದಿನ ಫೋನ್ ಮಾಡಿದಳು. "ತಮ್ಮಾ, ಬ್ಯಾಂಕಿನವರು ಏನೋ ತಪ್ಪು ಮಾಡಿದ್ದಾರೆ, ಈ ಸಲ ಪೆನ್ಶನ್ ಕಡಿಮೆ ಬಂದಿದೆ." ನಾನು ಪಾಸ್‌ಬುಕ್ಕಿನ ಫೋಟೋ ತರಿಸಿ ನೋಡಿದೆ. ತಪ್ಪು ಯಾರದೂ ಅಲ್ಲ. ನಿವೃತ್ತಿಯಾದ ಮೇಲೆ ತೀರಿಕೊಂಡರೆ ಹೆಂಡತಿಗೆ ಜಾಸ್ತಿ ದರದ ಫ್ಯಾಮಿಲಿ ಪೆನ್ಶನ್ ಸಿಗುವುದು ಏಳು ವರ್ಷ, ಇಲ್ಲವೇ ಗಂಡ ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅದು. ಆಮೇಲೆ ಕೊನೆಯ ಸಂಬಳದ ಶೇಕಡಾ 30 ಮಾತ್ರ. ಗಂಡನಿಗೆ ಬರುತ್ತಿದ್ದದ್ದು ಶೇಕಡಾ 50. ಅಂದರೆ ಐದು ಪಾಲಿನಲ್ಲಿ ಎರಡು ಪಾಲು ಹೋಯಿತು. ಆ ವರ್ಷವೇ ಮಗಳು ಕಾಲೇಜಿಗೆ ಸೇರಿದ್ದಳು. ಫೀಸಿನ ಕಂತು, ಮನೆ ಸಾಲದ ಕಂತು, ಎರಡೂ ಐದನೇ ತಾರೀಕಿಗೆ. ಅಕ್ಕ ಮಲ್ಲಿಗೆ ಗಿಡ ಹಾಕಿದ್ದು ಆಗಲೇ. ಈಗಲೂ ಬೆಳಕು ಹರಿಯುವ ಮೊದಲು ಮೊಗ್ಗು ಕುಯ್ದು ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಕಳಿಸುತ್ತಾಳೆ.

ಇನ್ನೊಂದು ಗೊಂದಲ. ಇಸಿಎಚ್‌ಎಸ್ ಕಾರ್ಡ್ ತೋರಿಸಿ "ನಮ್ಮ ಇನ್ಶೂರೆನ್ಸ್ ಇದು" ಅನ್ನುವವರಿದ್ದಾರೆ. ಅದು ಮಾಜಿ ಸೈನಿಕರ ಆರೋಗ್ಯ ಯೋಜನೆ, ಆಸ್ಪತ್ರೆ ಖರ್ಚಿಗೆ, ಜೀವಕ್ಕಲ್ಲ. ಬ್ಯಾಂಕಿನ ಡಿಫೆನ್ಸ್ ಖಾತೆಯ ಜೊತೆ ಬರುವ ದೊಡ್ಡ ಮೊತ್ತದ ವಿಮೆಯೂ ಬಹುತೇಕ ಅಪಘಾತಕ್ಕೆ ಮಾತ್ರ. ಭಾವ ಪಂಪ್‌ಶೆಡ್ಡಿನ ಹತ್ತಿರ ಕೂತ ಹಾಗೆ ಕೂತರೆ ಅದರಿಂದ ಪೈಸೆ ಬರುವುದಿಲ್ಲ.

ನನ್ನ ಕತೆಗೆ ಬರುತ್ತೇನೆ. ಇಷ್ಟೆಲ್ಲ ಕಣ್ಣಾರೆ ಕಂಡೂ ನಾನು ಮೂರು ವರ್ಷ ಸುಮ್ನೆ ಕೂತೆ. 2016ರ ಮೆಡಿಕಲ್‌ನಲ್ಲಿ ಬಿಪಿ ಸಿಕ್ಕಿತು, ಶೇಪ್-1, ಅಂದರೆ ಪೂರ್ತಿ ಫಿಟ್ ಅನ್ನುವ ದರ್ಜೆ, ಹೋಯಿತು. 2018ರಲ್ಲಿ ಹೊರಗೆ ಬಂದೆ, 41 ವರ್ಷ. ಬಂದ ಎರಡನೇ ವಾರವೇ ದೂರದ ಸಂಬಂಧಿ ಒಬ್ಬರು ಡೈರಿ ಹಿಡಿದುಕೊಂಡು ಬಂದರು. ಹಿಡಿ ಅವಲಕ್ಕಿ ತಿಂದು ಚಾ ಕುಡಿದು, ವರ್ಷಕ್ಕೆ 60 ಸಾವಿರ ಕಟ್ಟುವ ಪಾಲಿಸಿಗೆ ಸಹಿ ಹಾಕಿಸಿಕೊಂಡು ಹೋದರು. ಇಷ್ಟು ಕಟ್ಟಿದರೆ ನಾನು ಸತ್ತರೆ ಎಷ್ಟು ಬರುತ್ತದೆ ಅಂತ ರಾತ್ರಿ ನೋಡಿದರೆ ಹತ್ತು ಲಕ್ಷ. ಮನೆ ಸಾಲವೇ ಹದಿನಾಲ್ಕು ಇತ್ತು! ಮರುದಿನವೇ ವಾಪಸ್ ಮಾಡಬಹುದಿತ್ತು, ಅದಕ್ಕೆ ಅವಕಾಶ ಇತ್ತು. ಸಂಬಂಧಿ ಅಂತ ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಎರಡು ವರ್ಷ ಕಟ್ಟಿದೆ, ಒಂದು ಲಕ್ಷದ ಇಪ್ಪತ್ತು ಸಾವಿರ.

ಆಮೇಲೆ ಟರ್ಮ್ ಪಾಲಿಸಿ ಕೇಳಿದೆ. ಸತ್ತರೆ ಮಾತ್ರ ಹಣ, ಬದುಕಿದ್ದರೆ ಏನೂ ಇಲ್ಲ, ನಮ್ಮ ಎಜಿಐಯ ವಿಮೆಯ ಭಾಗ ಇದ್ದ ಹಾಗೆ. ಬಿಪಿ ಇದೆ ಅಂತ ಪ್ರೀಮಿಯಂ ಏರಿಸಿದರು. ಅದೇ ಪಾಲಿಸಿ 35ರಲ್ಲಿ ಮಾಡಿಸಿದ್ದರೆ ಕಡಿಮೆಗೆ ಆಗುತ್ತಿತ್ತು, ಆ ದರವೇ ಕೊನೆಯವರೆಗೂ ಇರುತ್ತಿತ್ತು. ಬಿಪಿ ಮುಚ್ಚಿಡು, ಯಾರು ನೋಡ್ತಾರೆ ಅಂತ ಸಲಹೆ ಕೊಟ್ಟವರೂ ಇದ್ದರು. ನಮ್ಮ ಮೆಡಿಕಲ್ ಬೋರ್ಡಿನ ಕಾಗದವೇ ಇದೆ, ಎಲ್ಲಿ ಮುಚ್ಚಿಡುವುದು? ಪಾಲಿಸಿ ತೆಗೆದ ಮೂರು ವರ್ಷದೊಳಗೆ ನಾನು ಹೋದರೆ ಕಂಪನಿ ಅದನ್ನೇ ಹಿಡಿದು ಹೆಂಡತಿಯನ್ನು ಅಲೆದಾಡಿಸಬಹುದು. ಎಲ್ಲ ಬರೆದೇ ಕೊಟ್ಟೆ. ಜಾಸ್ತಿ ಕಟ್ಟುತ್ತಿದ್ದೇನೆ, ನಿದ್ರೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ತೆಗೆದದ್ದರಿಂದ ಸ್ವಲ್ಪ ಹಗುರವೂ ಆಗಿದೆ.

ಎಲ್ಲರೂ ಮಾಡಿಸಲೇಬೇಕು ಅನ್ನುವ ಜಾತಿಯವನಲ್ಲ ನಾನು. 65 ದಾಟಿದವರು, ಮಕ್ಕಳು ದುಡಿಯುತ್ತಿರುವವರು, ಸಾಲ ಇಲ್ಲದವರು ಈಗ ಹೊಸ ಪಾಲಿಸಿ ಯಾಕೆ ಮಾಡಿಸಬೇಕು? ಆ ದುಡ್ಡಿನಲ್ಲಿ ಒಳ್ಳೆಯ ಅಂಜಲ್ ಮೀನು ತಂದು ತಿನ್ನಿ. ಏನೂ ಆಗದವರಿಗೆ 50 ವರ್ಷದೊಳಗೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ಇದೆ, ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷ. 55ಕ್ಕೆ ಮುಗಿಯುತ್ತದೆ. ಮೇ ಕೊನೆಗೆ ಖಾತೆಯಲ್ಲಿ ದುಡ್ಡು ಇರಬೇಕು, ಇಲ್ಲದಿದ್ದರೆ ಅದೂ ಇಲ್ಲ.

ನನಗೆ ಈಗ ಚಿಂತೆ ಇರುವುದು ಅಗ್ನಿವೀರರದು, ನಾಲ್ಕು ವರ್ಷದ ಲೆಕ್ಕದಲ್ಲಿ ಸೇನೆಗೆ ಸೇರುವ ಹುಡುಗರದು. 2022ರ ಕೊನೆಗೆ, 2023ರ ಆರಂಭಕ್ಕೆ ಸೇರಿದ ಮೊದಲ ಬ್ಯಾಚಿಗೆ ನಾಲ್ಕು ವರ್ಷ ತುಂಬುವ ಕಾಲ ಬಂದಿದೆ. ನಾಲ್ಕರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುವ ಲೆಕ್ಕ. ಒಳಗಿದ್ದಾಗ ಈ ಹುಡುಗರಿಗೆ 48 ಲಕ್ಷದ ವಿಮೆ, ಅದೂ ಅವರ ಕೈಯಿಂದ ಒಂದು ಪೈಸೆ ಕಟಿಂಗ್ ಇಲ್ಲದೆ. ಹೊರಗೆ ಬಂದ ದಿನ ಅದು ಇಲ್ಲ. ಪೆನ್ಶನ್ ಇಲ್ಲ, ಇಸಿಎಚ್‌ಎಸ್ ಇಲ್ಲ. ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ಸಿಗುತ್ತದೆ. ನಮಗಾದರೂ ಕಟಿಂಗ್ ಕಾಣುತ್ತಿತ್ತು, ಇವರ ಪೇ ಸ್ಲಿಪ್ಪಿನಲ್ಲಿ ಅದೂ ಕಾಣುವುದಿಲ್ಲ. ತಮ್ಮ ಹತ್ತಿರ ಇದ್ದದ್ದು ಏನು ಅಂತ ಗೊತ್ತಾಗದೆಯೇ ಅದು ಹೋಗುತ್ತದೆ.

ಮದುವೆ ಆಗದ ಹುಡುಗನಿಗೆ ಯಾತಕ್ಕೆ ಅನ್ನಬಹುದು. ಅಪ್ಪನ ಹೆಸರಲ್ಲಿ ಸೊಸೈಟಿ ಸಾಲ ಇದ್ದರೆ, ತಂಗಿ ಓದುತ್ತಿದ್ದರೆ ಬೇಕು. ಇಲ್ಲದಿದ್ದರೂ 23ರಲ್ಲಿ, ದೇಹ ಕಲ್ಲಿನ ಹಾಗಿರುವಾಗ ಮಾಡಿಸಿದ ಟರ್ಮ್ ಪಾಲಿಸಿಯ ದರ 40ಕ್ಕೂ ಅದೇ. ಇವರ ವಯಸ್ಸಿನಲ್ಲಿ ನನಗೆ ಇದನ್ನು ಯಾರಾದರೂ ಹೇಳಿದ್ದರೆ ನಾನು ಕೇಳುತ್ತಿದ್ದೆನಾ? ಇಲ್ಲ ಅನ್ನಿಸುತ್ತದೆ. ಬುಲೆಟ್ ಬೈಕು ತೆಗೆದುಕೊಳ್ಳುತ್ತಿದ್ದೆ.

ನಮ್ಮ ಬೀದಿಯ ಒಬ್ಬ ಹುಡುಗ ಈ ಬ್ಯಾಚಿನವನೇ. ಮುಂದಿನ ವಾರ ರಜೆಗೆ ಬರುತ್ತಾನೆ. ಅವನ ಅಮ್ಮ ಭಾನುವಾರ ಕೋರಿ ರೊಟ್ಟಿಗೆ ಕರೆದಿದ್ದಾರೆ. ಬರುವಾಗ ನಾಮಿನಿ ಫಾರ್ಮಿನ ನಕಲು ಹಿಡಿದುಕೊಂಡು ಬಾ ಅಂತ ಮೆಸೇಜ್ ಹಾಕಿದೆ. "ಯಾವ ಫಾರ್ಮ್ ಅಂಕಲ್?" ಅಂತ ಉತ್ತರ ಬಂದಿದೆ.