ಚೀನಾ ಬೇರೆಯವ್ರ ಯುದ್ಧಕ್ಕೆ ಸೈನ್ಯ ಕಳಿಸೇ ಇಲ್ವಾ?

ಚೀನಾ ಯಾವತ್ತೂ ಪಕ್ಕದ ದೇಶದ ಯುದ್ಧಕ್ಕೆ ಕೈ ಹಾಕಿಲ್ಲ ಅನ್ನೋ ಫಾರ್ವರ್ಡ್ ಮತ್ತೆ ಓಡಾಡ್ತಿದೆ, ಕಳಿಸಿದವ್ರನ್ನ ಬೈಯೋಕೆ ಹೋಗ್ಬೇಡಿ, ಓದಿದ್ರೆ ನಿಜ ಅಂತಲೇ ಅನ್ಸತ್ತೆ. ಆದ್ರೆ ಅದು ಸರಿಯಿಲ್ಲ. 1950ರ ಅಕ್ಟೋಬರ್‌ನಲ್ಲಿ ಚೀನಾ ಸೈನಿಕರು ರಾತ್ರಿ ಹೊತ್ತು ಗಡಿಯಲ್ಲಿರೋ ಯಾಲು ನದಿ ದಾಟಿ, ಉತ್ತರ-ದಕ್ಷಿಣ ಕೊರಿಯಾ ಯುದ್ಧದಲ್ಲಿ ಉತ್ತರದ ಪರವಾಗಿ ಕೊರಿಯಾಕ್ಕೆ ನುಗ್ಗಿದ್ರು, 1953ರ ಜುಲೈ 27ರ ಕದನವಿರಾಮದವರೆಗೂ ಅಮೆರಿಕ ನೇತೃತ್ವದ ಪಡೆ ಜೊತೆ ಹೊಡೆದಾಡಿದ್ರು. ಹೆಸರಿಗೆ ಮಾತ್ರ ‘ಸ್ವಯಂಸೇವಕರು’, ಒಳಗಿದ್ದಿದ್ದು ಖಾಯಂ ಸೇನೆಯ ತುಕಡಿಗಳೇ. ಗೊಂದಲ ಈ ಹೆಸರಿಂದಲೇ ಶುರುವಾಗಿರ್ಬೇಕು.

ಚೆಕ್ ಮಾಡೋದು ಸುಲಭ. ‘ಯಾವತ್ತೂ ಇಲ್ಲ’ ಅಂತ ಇದ್ರೆ ಒಂದೇ ಒಂದು ಉದಾಹರಣೆ ಹುಡುಕಿ ನೋಡಿ, ಆಮೇಲೆ ಎರಡೂ ಕಡೆಯವ್ರು ಏನಂತಾರೆ ನೋಡಿ. ಇಲ್ಲಿ ಚೀನಾನೇ ಅಕ್ಟೋಬರ್ 25ನ್ನ ಈ ಯುದ್ಧದ ನೆನಪಿನ ದಿನ ಅಂತ ಆಚರಿಸತ್ತೆ. ಅಂದಹಾಗೆ, ಆಗ ಯುದ್ಧಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷರಾಗಿದ್ದವ್ರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ, ಊರಿಗೆ ವಾಪಸ್ ಹೋಗಲ್ಲ ಅಂದ ಚೀನಾ ಕೈದಿಗಳೇ 14 ಸಾವಿರಕ್ಕೂ ಹೆಚ್ಚಿದ್ರು.